ಬೀಡಿ ಪಾಸ್‌ಬುಕ್ಕಿಗೆ ಸಿಗದ ಲಾಭ: ಕಾರ್ಕಳ ತಾಲೂಕಿನ ಒಂದು ಬೈಲಿಗೆ ಬಂದ ವಿದ್ಯುತ್ತಿನ ಅಳತೆ

ಉಡುಪಿ ಜಿಲ್ಲೆಯ ಕಾರ್ಕಳ ತಾಲೂಕಿನ ಪೂರ್ವದ ಅಂಚಿನಲ್ಲಿ, ಪಶ್ಚಿಮ ಘಟ್ಟದ ಬುಡಕ್ಕೆ ತಾಗಿಕೊಂಡಿರುವ ಒಂದು ಬೈಲಿನ (ಗುಡ್ಡೆಗಳ ನಡುವಿನ ಗದ್ದೆ-ತೋಟಗಳ ತಗ್ಗಿನ) ಮನೆಗಳಿಗೆ, ಮನೆಮನೆಗೂ ವಿದ್ಯುತ್ ಕೊಡುವ ಕೇಂದ್ರ ಸರಕಾರದ ಸೌಭಾಗ್ಯ ಯೋಜನೆಯ ಕಾಲದಲ್ಲಿ ವಿದ್ಯುತ್ ಸಂಪರ್ಕ ಸಿಕ್ಕಿತು. ತೋಡಿನ ಆಚೆ, ಕಾಡಿನ ಗಡಿಯನ್ನು ದಾಟಿ ಹೋಗಬೇಕಾದ ಗುಡ್ಡೆಯ ಮೇಲಿನ ಎರಡು ಮನೆಗಳು ಮಾತ್ರ ಉಳಿದುಹೋದವು. ಆ ಎರಡು ಮನೆಗಳಿಗಾಗಿ ಅಷ್ಟು ಕಂಬ ನೆಟ್ಟು ತಂತಿ ಎಳೆಯುವುದು ಸರಿಯೇ, ಅಥವಾ ಸೌರ ದೀಪ ಕೊಟ್ಟರೆ ಸಾಕೇ ಎಂಬ ಪ್ರಶ್ನೆ ಗ್ರಾಮ ಪಂಚಾಯತ್‌ನಲ್ಲಿ ಚರ್ಚೆಗೆ ಬಂದಾಗ, ಸಹಜವಾಗಿಯೇ ಇನ್ನೊಂದು ಪ್ರಶ್ನೆ ಎದ್ದಿತು: ಕೆಳಗಿನ ಬೈಲಿಗೆ ಕರೆಂಟು ಬಂದದ್ದರಿಂದ ಅಲ್ಲಿನ ಜನರಿಗೆ ನಿಜವಾಗಿ ಆದ ಪ್ರಯೋಜನವೆಷ್ಟು? ಈ ಬರಹ ಆ ಎರಡನೆಯ ಪ್ರಶ್ನೆಗೆ ನಾವು ಒಂದು ಅಧ್ಯಯನ ನಡೆಸಿ ಉತ್ತರ ಹುಡುಕಿದ ಬಗೆಯನ್ನು ಕುರಿತದ್ದು. ಮನೆಗಳು ಬೆರಳೆಣಿಕೆಯಷ್ಟೇ ಇರುವುದರಿಂದ, ಹೆಸರು ಹೇಳಿದರೆ ಯಾರೆಂದು ಗೊತ್ತಾಗಿಬಿಡುತ್ತದೆ ಎಂಬ ಕಾರಣಕ್ಕೆ ಬೈಲಿನ ಹೆಸರನ್ನಾಗಲಿ ಮನೆಯವರ ಹೆಸರನ್ನಾಗಲಿ ಇಲ್ಲಿ ಕೊಟ್ಟಿಲ್ಲ.

ಕರಾವಳಿಯ ಊರುಗಳ ರಚನೆಯನ್ನು ಮೊದಲು ಹೇಳಬೇಕು, ಏಕೆಂದರೆ ಈ ಪ್ರಕರಣದ ಅರ್ಧ ಕಷ್ಟ ಅದರಲ್ಲೇ ಇದೆ. ಬಯಲುಸೀಮೆಯಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿ ಕೇರಿಗಳಾಗಿ ನಿಂತಿರುತ್ತವೆ, ಒಂದು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಕೂರಿಸಿದರೆ ಇಡೀ ಕೇರಿಗೆ ಬೆಳಕು ಹರಿಯುತ್ತದೆ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಒಳನಾಡಿನಲ್ಲಿ ಪ್ರತಿಯೊಂದು ಮನೆಯೂ ತನ್ನ ಅಡಿಕೆ ತೋಟದ ನಡುವೆ, ತನ್ನ ಬಾವಿಯ ಪಕ್ಕದಲ್ಲಿ, ನೆರೆಮನೆಯಿಂದ ಗದ್ದೆಯಷ್ಟೋ ಗುಡ್ಡೆಯಷ್ಟೋ ದೂರದಲ್ಲಿ ಇರುತ್ತದೆ. ಒಂದು ಮನೆಯ ಸರ್ವಿಸ್ ವಯರ್‌ಗಾಗಿ ಹಲವು ಕಂಬಗಳನ್ನು ನೆಡಬೇಕಾದ ಸಂದರ್ಭ ಇಲ್ಲಿ ಸಾಮಾನ್ಯ. ಆದ್ದರಿಂದ ಮನೆಯೊಂದಕ್ಕೆ ತಗಲುವ ವೆಚ್ಚ ಹೆಚ್ಚುತ್ತದೆ, ಮತ್ತು ಆ ವೆಚ್ಚವನ್ನು ಸಮರ್ಥಿಸಬೇಕಾದ ಪ್ರಯೋಜನದ ಲೆಕ್ಕವೂ ಗಟ್ಟಿಯಾಗಿರಬೇಕಾಗುತ್ತದೆ.

ಸರಕಾರಿ ದಾಖಲೆಯಲ್ಲಿ ಈ ಲೆಕ್ಕಕ್ಕೆ ಬೇಕಾದ ಉತ್ತರ ಸಿಗುವುದಿಲ್ಲ. 1997ಕ್ಕೆ ಮೊದಲು ಒಂದು ಕಂದಾಯ ಗ್ರಾಮದ ಎಲ್ಲೆಯೊಳಗೆ ಯಾವ ಉದ್ದೇಶಕ್ಕೇ ಆಗಲಿ ವಿದ್ಯುತ್ ಬಳಕೆಯಾಗುತ್ತಿದ್ದರೆ ಆ ಗ್ರಾಮ ವಿದ್ಯುದೀಕರಣವಾದಂತೆ ಎಣಿಸಲಾಗುತ್ತಿತ್ತು; ಒಂದು ಪಂಪ್‌ಸೆಟ್ ಓಡಿದರೂ ಸಾಕಿತ್ತು. 2004ರಲ್ಲಿ ಈ ಮಾನದಂಡವನ್ನು ಬಿಗಿಗೊಳಿಸಿ, ಜನವಸತಿಯಲ್ಲಿ ಟ್ರಾನ್ಸ್‌ಫಾರ್ಮರ್ ಮತ್ತು ತಂತಿ ಇರಬೇಕು, ಶಾಲೆ, ಪಂಚಾಯತ್ ಕಚೇರಿ, ಆರೋಗ್ಯ ಕೇಂದ್ರಗಳಂಥ ಸಾರ್ವಜನಿಕ ಸ್ಥಳಗಳಿಗೆ ವಿದ್ಯುತ್ ಮುಟ್ಟಿರಬೇಕು, ಕನಿಷ್ಠ ಶೇ. 10ರಷ್ಟು ಮನೆಗಳಿಗೆ ಸಂಪರ್ಕವಿರಬೇಕು ಎಂದು ಮಾಡಲಾಯಿತು. ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಚಿಮಿಣಿ ದೀಪ ಉರಿಯುತ್ತಿದ್ದರೂ ಆ ಗ್ರಾಮ ಪಟ್ಟಿಯಲ್ಲಿ ಬೆಳಗಿರುತ್ತದೆ. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಗ್ರಾಮಕ್ಕೆ ವಿದ್ಯುತ್ ತಲುಪಿದಾಗ ದೇಶದ ಕೊನೆಯ ಗ್ರಾಮವೂ ವಿದ್ಯುದೀಕರಣವಾಯಿತು ಎಂದು ಘೋಷಿಸಿದ್ದು ಇದೇ ಮಾನದಂಡದ ಮೇಲೆ. 2017ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಸೌಭಾಗ್ಯ ಯೋಜನೆ ಗ್ರಾಮವನ್ನು ಬಿಟ್ಟು ಮನೆಯನ್ನು ಎಣಿಕೆಯ ಘಟಕವಾಗಿಸಿಕೊಂಡದ್ದು ದೊಡ್ಡ ಸುಧಾರಣೆಯೇ ಸರಿ. ಆದರೆ ಸಂಪರ್ಕದ ಎಣಿಕೆ ಬೇರೆ, ಸಂಪರ್ಕದಿಂದ ಬದುಕಿನಲ್ಲಾದ ಬದಲಾವಣೆಯ ಅಳತೆ ಬೇರೆ. ಹೊಸಂಗಡಿಯಲ್ಲಿ ವಾರಾಹಿಯ ಭೂಗತ ವಿದ್ಯುದಾಗಾರ, ಎಲ್ಲೂರಿನಲ್ಲಿ 1200 ಮೆಗಾವಾಟ್‌ನ ಉಷ್ಣ ಸ್ಥಾವರ ಇರುವ ಜಿಲ್ಲೆಯಲ್ಲೇ ಎರಡು ಮನೆಗಳ ಕಡತ ಬಾಕಿ ಇದೆ ಎಂಬುದು ಈ ಅಂತರವನ್ನು ನೆನಪಿಸುತ್ತದೆ.

ಬೆಳಕಿನ ಬೆಲೆ

ಗ್ರಾಮೀಣ ವಿದ್ಯುತ್ತಿನ ಪ್ರಯೋಜನವನ್ನು ರೂಪಾಯಿಯಲ್ಲಿ ಹೇಳುವ ಪ್ರಯತ್ನಗಳಲ್ಲಿ ಹೆಚ್ಚು ಚರ್ಚೆಗೆ ಬಂದದ್ದು ವಿಶ್ವಬ್ಯಾಂಕಿನ ಇಂಧನ ಕಾರ್ಯಕ್ರಮವೊಂದು ಫಿಲಿಪ್ಪೀನ್ಸ್‌ನಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ. ಅಗ್ಗದ ಮತ್ತು ಹೆಚ್ಚಿನ ಬೆಳಕು, ರೇಡಿಯೊ ಮತ್ತು ಟಿ.ವಿ., ಓದಿನಿಂದ ಮುಂದೆ ಬರುವ ಸಂಬಳ, ಮನೆಗೆಲಸದಲ್ಲಿ ಉಳಿಯುವ ಸಮಯ, ಮನೆಯಲ್ಲೇ ನಡೆಯುವ ಸಣ್ಣ ಉದ್ಯೋಗದ ಗಳಿಕೆ ಎಂದು ಬೇರೆ ಬೇರೆ ಬಾಬುಗಳನ್ನು ಮಾಡಿಕೊಂಡು, ವಿದ್ಯುತ್ ಇಲ್ಲದ ಒಂದು ಸಾಮಾನ್ಯ ಮನೆಗೆ ವಿದ್ಯುತ್ ಕೊಟ್ಟರೆ ತಿಂಗಳಿಗೆ 81ರಿಂದ 150 ಡಾಲರಿನಷ್ಟು ಪ್ರಯೋಜನವಾಗುತ್ತದೆ ಎಂದು ಅದು ಅಂದಾಜಿಸಿತು. ಬಡ ಗ್ರಾಮೀಣ ಕುಟುಂಬದ ಆದಾಯದ ಎದುರು ಇಟ್ಟು ನೋಡಿದರೆ ಇದು ಬಹಳ ದೊಡ್ಡ ಮೊತ್ತ. ಇಷ್ಟು ದೊಡ್ಡ ಮೊತ್ತ ಹೇಗೆ ಹುಟ್ಟುತ್ತದೆ ಎಂಬುದನ್ನು ನಮ್ಮ ಬೈಲಿನ ಒಂದು ಮನೆಯ ಮಾದರಿಯಲ್ಲೇ ಬಿಡಿಸಿ ನೋಡಬಹುದು. ಕೆಳಗಿನ ಬಳಕೆ ಮತ್ತು ದರಗಳು ಲೆಕ್ಕದ ಸಲುವಾಗಿ ಇಟ್ಟುಕೊಂಡವು. ಅವುಗಳನ್ನು ಬದಲಿಸಿದರೂ ವಾದದ ದಿಕ್ಕು ಬದಲಾಗುವುದಿಲ್ಲ.

ಕರೆಂಟು ಬರುವ ಮೊದಲು ಆ ಮನೆಯಲ್ಲಿ ಒಂದು ಚಿಮಿಣಿ ದೀಪ, ಒಂದು ಲಾಟೀನು ಪ್ರತಿ ಸಂಜೆ 4 ಗಂಟೆ ಉರಿಯುತ್ತಿದ್ದವು ಎಂದುಕೊಳ್ಳೋಣ. ಬೆಳಕನ್ನು ಅಳೆಯುವ ಮಾನ ಲ್ಯೂಮೆನ್; ಬತ್ತಿಯ ಚಿಮಿಣಿ ದೀಪ ಕೊಡುವ ಬೆಳಕು ಸುಮಾರು 10 ಲ್ಯೂಮೆನ್, ಲಾಟೀನಿನದು 40ರ ಆಸುಪಾಸು. ಮೊದಲನೆಯದಕ್ಕೆ ಗಂಟೆಗೆ 10 ಮಿಲಿಲೀಟರ್, ಎರಡನೆಯದಕ್ಕೆ 20 ಮಿಲಿಲೀಟರ್ ಚಿಮಿಣಿ ಎಣ್ಣೆ (ಸೀಮೆಎಣ್ಣೆ) ಬೇಕೆಂದಿಟ್ಟರೆ ತಿಂಗಳಿಗೆ 3.6 ಲೀಟರ್, ಲೀಟರಿಗೆ 40 ರೂಪಾಯಿ ಹಿಡಿದರೆ 144 ರೂಪಾಯಿ. ಅಷ್ಟು ಹಣಕ್ಕೆ ಸಿಕ್ಕ ಬೆಳಕು 6,000 ಲ್ಯೂಮೆನ್-ಗಂಟೆ, ಅಂದರೆ ಸಾವಿರಕ್ಕೆ 24 ರೂಪಾಯಿ. ಈಗ ಅದೇ ಮನೆಯಲ್ಲಿ ತಲಾ 850 ಲ್ಯೂಮೆನ್ ಕೊಡುವ 9 ವಾಟ್‌ನ ಎರಡು ಎಲ್‌ಇಡಿ ಬಲ್ಬುಗಳು ಅಷ್ಟೇ ಹೊತ್ತು ಉರಿದರೆ ತಿಂಗಳಿಗೆ 2.16 ಯೂನಿಟ್, ಯೂನಿಟ್‌ಗೆ 6 ರೂಪಾಯಿಯಂತೆ ಸುಮಾರು 13 ರೂಪಾಯಿ. ಸಿಕ್ಕ ಬೆಳಕು 2,04,000 ಲ್ಯೂಮೆನ್-ಗಂಟೆ, ಸಾವಿರಕ್ಕೆ 6 ಪೈಸೆಯ ಆಸುಪಾಸು. ಬೆಳಕು 34 ಪಟ್ಟು ಹೆಚ್ಚಿತು, ಖರ್ಚು ಹತ್ತರಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿಯಿತು.

ಕೈಯಲ್ಲಿ ಉಳಿದ ಹಣ ತಿಂಗಳಿಗೆ 131 ರೂಪಾಯಿ. ಇಲ್ಲಿಯವರೆಗೆ ವಿವಾದವಿಲ್ಲ. ಆದರೆ ಪ್ರಯೋಜನ ಇಷ್ಟೇ ಅಲ್ಲ; ಮೊದಲು ಇಲ್ಲದ ಅಷ್ಟು ಬೆಳಕು ಈಗ ಸಿಕ್ಕಿದೆ, ಅದಕ್ಕೂ ಒಂದು ಬೆಲೆ ಇದೆ. ಆ ಬೆಲೆಯನ್ನು ತಿಳಿಯಲು, ಜನ ಕೊಡಲು ಸಿದ್ಧರಿದ್ದ ಹಣ ಮತ್ತು ನಿಜವಾಗಿ ಕೊಟ್ಟ ಹಣ ಇವೆರಡರ ನಡುವಿನ ವ್ಯತ್ಯಾಸವನ್ನು ಬೇಡಿಕೆ ರೇಖೆಯಿಂದ, ಅಂದರೆ ಯಾವ ಬೆಲೆಗೆ ಜನ ಎಷ್ಟು ಕೊಳ್ಳುತ್ತಾರೆ ಎಂದು ತೋರಿಸುವ ಗೆರೆಯಿಂದ, ಅಳೆಯುತ್ತಾರೆ. ನಮಗೆ ಗೊತ್ತಿರುವುದು ಆ ರೇಖೆಯ ಎರಡು ತುದಿಗಳು ಮಾತ್ರ: 24 ರೂಪಾಯಿ ಇದ್ದಾಗ 6 ಸಾವಿರ, 6 ಪೈಸೆ ಇದ್ದಾಗ 204 ಸಾವಿರ. ನಡುವೆ ಏನಿದೆ ಎಂಬುದನ್ನು ಯಾರೂ ನೋಡಿಲ್ಲ. ಎರಡು ತುದಿಗಳನ್ನು ನೇರ ಗೆರೆಯಿಂದ ಸೇರಿಸಿದರೆ ಪ್ರಯೋಜನ ತಿಂಗಳಿಗೆ ಸುಮಾರು 2,500 ರೂಪಾಯಿ ಆಗುತ್ತದೆ. ಬೆಲೆ ಶೇ. 1ರಷ್ಟು ಇಳಿದಾಗಲೆಲ್ಲ ಬೇಡಿಕೆ ಒಂದೇ ಶೇಕಡಾ ಪ್ರಮಾಣದಲ್ಲಿ ಏರುತ್ತದೆ ಎಂದು ಬಾಗಿದ ಗೆರೆ ಎಳೆದರೆ ಅದೇ ಮನೆ, ಅದೇ ದೀಪ, ಅದೇ ಬಳಕೆಗೆ ಸುಮಾರು 323 ರೂಪಾಯಿ. ಎಂಟು ಪಟ್ಟಿನ ಹತ್ತಿರದ ಈ ವ್ಯತ್ಯಾಸ ಬಂದದ್ದು ಲೆಕ್ಕ ಹಾಕುವವನು ಗೆರೆ ಎಳೆದ ರೀತಿಯಿಂದ. ಮನೆಯವರ ಬದುಕಿನಲ್ಲಿ ಏನೂ ಬೇರೆಯಾಗಿಲ್ಲ.

ಇದು ಕಾಗದದ ಮೇಲಿನ ತರ್ಕವಾಗಿ ಉಳಿಯುವುದಿಲ್ಲ. ಶೇ. 10ರ ಬಡ್ಡಿ ಹಿಡಿದು 20 ವರ್ಷಗಳ ಪ್ರಯೋಜನವನ್ನು ಇಂದಿನ ಮೌಲ್ಯಕ್ಕೆ ತಂದರೆ ಬಾಗಿದ ಗೆರೆಯ ಲೆಕ್ಕದಲ್ಲಿ ಮನೆಯೊಂದಕ್ಕೆ ಸುಮಾರು 33,000 ರೂಪಾಯಿ, ನೇರ ಗೆರೆಯ ಲೆಕ್ಕದಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿ. ಒಂಟಿ ಮನೆಗೆ ತಂತಿ ಎಳೆಯಲು 1 ಲಕ್ಷ ರೂಪಾಯಿ ಬೇಕೆಂದಾದರೆ, ಒಬ್ಬ ಅಧಿಕಾರಿ "ಖಂಡಿತ ಎಳೆಯಿರಿ" ಎನ್ನಬಹುದು, ಇನ್ನೊಬ್ಬರು "ಬೇಡವೇ ಬೇಡ" ಎನ್ನಬಹುದು, ಇಬ್ಬರ ಕೈಯಲ್ಲೂ ಒಂದೇ ಸಮೀಕ್ಷೆಯ ಹಾಳೆ ಇರುತ್ತದೆ. ಆದ್ದರಿಂದ ಎರಡೂ ಅಂಕಿಗಳನ್ನು ಒಟ್ಟಿಗೆ ಕೊಡುವುದು, ಗೆರೆಯನ್ನು ಹೇಗೆ ಎಳೆದಿದ್ದೇವೆ ಎಂದು ಹೇಳುವುದು ಲೆಕ್ಕ ಹಾಕುವವರ ಮೇಲಿನ ಕನಿಷ್ಠ ಹೊಣೆ ಎಂದು ನಾನು ತಿಳಿಯುತ್ತೇನೆ. ಒಂದನ್ನೇ ಆರಿಸಬೇಕಾಗಿ ಬಂದರೆ ಬಾಗಿದ ಗೆರೆಯೇ ನಂಬಿಕೆಗೆ ಹತ್ತಿರ. ಮೊದಲ ಬಲ್ಬಿಗೆ ಇರುವ ಬೆಲೆ ನಾಲ್ಕನೆಯ ಬಲ್ಬಿಗೆ ಇರುವುದಿಲ್ಲ ಎಂಬುದು ಯಾವ ಮನೆಯವರಿಗೂ ತಿಳಿದ ವಿಷಯ.

ಬೀಡಿ ಕಟ್ಟುವ ಮನೆಯಲ್ಲಿ

ಬೆಳಕಿನ ಲೆಕ್ಕ ಸಾಮಾನ್ಯವಾದದ್ದು, ಎಲ್ಲಿ ಬೇಕಾದರೂ ಹಾಕಬಹುದು. ಈ ಬೈಲಿಗೆ ವಿಶಿಷ್ಟವಾದದ್ದು ಬೀಡಿ. ಉಡುಪಿ, ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಹಾಗೆ ಇಲ್ಲಿಯೂ ಹೆಂಗಸರು ಮನೆಯಲ್ಲೇ ಕುಳಿತು ಬೀಡಿ ಕಟ್ಟುತ್ತಾರೆ; ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು, ಕಟ್ಟಿದ ಬೀಡಿಯನ್ನು ಕೊಟ್ಟು, ಸಾವಿರಕ್ಕೆ ಇಷ್ಟೆಂದು ಮಜೂರಿ ಪಡೆಯುತ್ತಾರೆ. ಕೊಟ್ಟ ಬೀಡಿಯ ಲೆಕ್ಕ ಪಾಸ್‌ಬುಕ್ಕಿನಲ್ಲಿ ದಿನಾಂಕ ಸಮೇತ ಬರೆದಿರುತ್ತದೆ. ಪ್ರಯೋಜನ ಅಳೆಯುವವರಿಗೆ ಇಂಥ ದಾಖಲೆ ಸಿಗುವುದು ಅಪರೂಪ, ಏಕೆಂದರೆ ನೆನಪಿನಿಂದ ಹೇಳಿದ ಅಂಕಿಗಿಂತ ಆ ದಿನವೇ ಬರೆದಿಟ್ಟ ಅಂಕಿ ಎಷ್ಟೋ ವಾಸಿ. ಕರೆಂಟು ಬರುವ ಹಿಂದಿನ ಮತ್ತು ಮುಂದಿನ ಪುಟಗಳನ್ನು ಹೋಲಿಸಿದರೆ ಮನೆಯ ಉದ್ಯೋಗಕ್ಕೆ ಆದ ಲಾಭ ನೇರವಾಗಿ ಕಾಣಬೇಕು ಎಂಬುದು ಅಧ್ಯಯನದ ಮೊದಲ ನಿರೀಕ್ಷೆಯಾಗಿತ್ತು.

ಪುಟಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಇರಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ, ವಿದ್ಯುತ್ತಿನಿಂದ ಬೀಡಿ ಕಟ್ಟುವವರಿಗೆ ಪ್ರಯೋಜನವಾಗಿಲ್ಲ ಎಂದು ವರದಿ ಬರೆದು ಮುಗಿಸಬಹುದಿತ್ತು. ಹಾಗೇಕೆ ಎಂದು ಒಬ್ಬ ಗೃಹಿಣಿಯನ್ನು ಕೇಳಿದಾಗ ಅವರು ಕೊಟ್ಟ ಉತ್ತರ ಇಡೀ ಅಧ್ಯಯನದ ದಾರಿಯನ್ನೇ ಬದಲಿಸಿತು. "ಎಲೆ ಕೊಟ್ಟಷ್ಟೇ ಅಲ್ಲವಾ ಬೀಡಿ? ಲೈಟ್ ಉಂಟು ಅಂತ ಬ್ರಾಂಚಿನವರು ಎಲೆ ಜಾಸ್ತಿ ಕೊಡ್ತಾರಾ?" ಎಂದು ಅವರು ಕೇಳಿದರು. ಬೀಡಿಗೆ ಬೇಡಿಕೆ ಕುಗ್ಗುತ್ತಾ ಬಂದಿರುವ ಕಾಲದಲ್ಲಿ ಕೆಲಸದ ಮಿತಿಯನ್ನು ಹಾಕುವುದು ಬ್ರಾಂಚಿನಲ್ಲಿ ತೂಗಿ ಕೊಡುವ ಎಲೆ ಮತ್ತು ಹೊಗೆಸೊಪ್ಪು. ಬೆಳಕು ಆ ಮಿತಿಯನ್ನು ಮುಟ್ಟುವುದೇ ಇಲ್ಲ.

ಬದಲಾದದ್ದು ಕೆಲಸದ ಹೊತ್ತು. ಬೀಡಿ ಸುರುಟುವ ಪಳಗಿದ ಕೈಗೆ ಕಣ್ಣಿನ ಸಹಾಯ ಅಷ್ಟಾಗಿ ಬೇಕಿಲ್ಲ, ಮಾತನಾಡುತ್ತಲೇ, ಟಿ.ವಿ. ನೋಡುತ್ತಲೇ ಬೆರಳು ಓಡುತ್ತದೆ. ಆದರೆ ಎಲೆ ಕತ್ತರಿಸುವುದಕ್ಕೆ ಬೆಳಕು ಬೇಕೇ ಬೇಕು. ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಯನ್ನು ಬಿಡಿಸಿ, ಅಳತೆಯ ತಗಡನ್ನು ಅದರ ಮೇಲಿಟ್ಟು, ದಪ್ಪ ನರವನ್ನು ತಪ್ಪಿಸಿ, ತೂತು ಇರುವ ಭಾಗವನ್ನು ಬಿಟ್ಟು ಕತ್ತರಿ ಆಡಿಸಬೇಕು. ಒಂದು ಎಲೆಯಲ್ಲಿ ಎಷ್ಟು ತುಂಡು ಬರುತ್ತದೆ ಎಂಬುದರ ಮೇಲೆ, ಕೊಟ್ಟ ಎಲೆಗೆ ಬೀಡಿಯ ಲೆಕ್ಕ ಸರಿಹೋಗುತ್ತದೆಯೋ ಇಲ್ಲವೋ ಎಂಬುದು ನಿಂತಿದೆ. ಸರಿಹೋಗದಿದ್ದರೆ ಕೈಯಿಂದ ಹಣ ಕೊಟ್ಟು ಎಲೆ ಹೊಂದಿಸಬೇಕಾಗುತ್ತದೆ. ಚಿಮಿಣಿ ದೀಪದಲ್ಲಿ ಎಲೆ ಕತ್ತರಿಸಿದರೆ ನಷ್ಟವಾಗುತ್ತದೆ ಎಂಬ ಕಾರಣಕ್ಕೆ ಆ ಕೆಲಸ ಹಗಲಿನಲ್ಲೇ ಮುಗಿಯುತ್ತಿತ್ತು, ಹಗಲಿನ ಬಹುಭಾಗ ಅದಕ್ಕೇ ಮೀಸಲಾಗುತ್ತಿತ್ತು. ಎಲ್‌ಇಡಿ ಬಲ್ಬು ಬಂದ ಮೇಲೆ ಎಲೆ ಕತ್ತರಿಸುವುದು ರಾತ್ರಿ ಊಟದ ನಂತರಕ್ಕೆ ಹೋಯಿತು. ಹಗಲಿನಲ್ಲಿ ಬಿಡುವಾದ ಹೊತ್ತು ಒಂದು ಮನೆಯಲ್ಲಿ ದನಕ್ಕೆ ಹುಲ್ಲು ತರಲು, ಇನ್ನೊಂದು ಮನೆಯಲ್ಲಿ ನೆರೆಯವರ ತೋಟದಲ್ಲಿ ಅಡಿಕೆ ಹೆಕ್ಕುವ ಕೂಲಿಗೆ, ಮತ್ತೊಂದರಲ್ಲಿ ಸ್ವಸಹಾಯ ಸಂಘದ ಸಭೆಗೆ ಹೋಗಲು ಒದಗಿತು. ಬೀಡಿ ಪಾಸ್‌ಬುಕ್ಕಿನಲ್ಲಿ ಕಾಣದ ಲಾಭದ ಒಂದು ಅಂಶ ಹಾಲಿನ ಡೈರಿಯ ಪುಸ್ತಕದಲ್ಲಿ ಸಿಕ್ಕಿತು. ಉಳಿದದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ನಿನ್ನೆ ಎದ್ದ ಹೊತ್ತಿನಿಂದ ಮಲಗಿದ ಹೊತ್ತಿನವರೆಗೆ ಏನೇನು ಮಾಡಿದಿರಿ ಎಂದು ಕುಳಿತು ಕೇಳಿ ಬರೆದುಕೊಂಡಾಗ ಮಾತ್ರ ಅದು ಹೊರಬಂತು.

ಇದರ ಇನ್ನೊಂದು ಮುಖವನ್ನೂ ಬರೆಯದೆ ಇರಲಾಗದು. ರಾತ್ರಿಗೆ ಹೋದ ಕೆಲಸ ನಿದ್ದೆಯಿಂದಲೂ ಸ್ವಲ್ಪ ಹೊತ್ತನ್ನು ಕಿತ್ತುಕೊಂಡಿದೆ. ಬೆಳಗ್ಗೆ ಕುಚ್ಚಲಕ್ಕಿ ಗಂಜಿಗೆ ಒಲೆ ಹೊತ್ತಿಸುವ ಗಳಿಗೆ ಬದಲಾಗಿಲ್ಲ, ಮಲಗುವ ಗಳಿಗೆ ಮಾತ್ರ ಮುಂದಕ್ಕೆ ಹೋಗಿದೆ. ಹೆಚ್ಚಿನ ವರದಿಗಳು ಸಂಜೆಯ ಹೆಚ್ಚುವರಿ ಕೆಲಸದ ಗಂಟೆಯನ್ನು ಪೂರ್ತಿಯಾಗಿ ಲಾಭದ ಕಡೆಗೆ ಬರೆಯುತ್ತವೆ. ಆ ಗಂಟೆ ಯಾರದು, ಎಲ್ಲಿಂದ ಬಂತು ಎಂದು ಕೇಳದೆ ಹಾಗೆ ಬರೆಯುವುದು ಹೆಂಗಸರ ದಣಿವನ್ನು ಆದಾಯವೆಂದು ಎಣಿಸಿದಂತಾಗುತ್ತದೆ. ನಮ್ಮ ಲೆಕ್ಕದಲ್ಲಿ ನಿದ್ದೆಯಿಂದ ಬಂದ ಹೊತ್ತನ್ನು ಲಾಭಕ್ಕೆ ಸೇರಿಸಲಿಲ್ಲ. ಹಗಲಿನಲ್ಲಿ ಬಿಡುವಾದ ಹೊತ್ತಿನಿಂದ ಅದನ್ನು ಕಳೆದು ಉಳಿದದ್ದನ್ನು ಮಾತ್ರ ಬರೆದೆವು.

ಮಿಕ್ಸಿಯ ವಿಷಯ ಇದಕ್ಕಿಂತ ಸರಳ, ಮತ್ತು ನನ್ನ ತಿಳಿವಳಿಕೆಯಲ್ಲಿ ಬೈಲಿನ ಹೆಂಗಸರಿಗೆ ಬಲ್ಬಿಗಿಂತ ಹೆಚ್ಚು ಸಂತೋಷ ಕೊಟ್ಟ ವಸ್ತು ಅದೇ. ದಿನವೂ ತೆಂಗಿನಕಾಯಿ ಮಸಾಲೆ ಕಡೆಯಬೇಕಾದ ಅಡುಗೆಮನೆಯಲ್ಲಿ ಕಲ್ಲಿನ ಮುಂದೆ ಹೋಗುತ್ತಿದ್ದ ಅರ್ಧ ಗಂಟೆ ಉಳಿಯಿತು, ರಟ್ಟೆಯ ನೋವು ತಪ್ಪಿತು. ಈ ಅರ್ಧ ಗಂಟೆಗೆ ಬೆಲೆ ಕಟ್ಟಲು ಬೀಡಿಯ ಮಜೂರಿಯನ್ನೇ ಅಳತೆಗೋಲು ಮಾಡಿಕೊಳ್ಳಬಹುದು: 8 ಗಂಟೆಗೆ ಸಾವಿರ ಬೀಡಿ ಎಂದು ಹಿಡಿದರೆ ಅರ್ಧ ಗಂಟೆಗೆ ಸುಮಾರು 60 ಬೀಡಿಯ ಮಜೂರಿ. ಆದರೆ ಎಲೆ ಸಿಗದ ದಿನ ಆ ಅರ್ಧ ಗಂಟೆ ಬೀಡಿಯಾಗುವುದಿಲ್ಲ, ಆದ್ದರಿಂದ ಈ ಬೆಲೆಯನ್ನು ಮೇಲಿನ ಮಿತಿಯೆಂದು ತಿಳಿಯಬೇಕೇ ಹೊರತು ನಿಜವಾದ ಗಳಿಕೆಯೆಂದಲ್ಲ. ಬಿಡುವು ಬಿಡುವಾಗಿಯೇ ಉಳಿದರೂ ಅದು ಪ್ರಯೋಜನವೇ. ಅದಕ್ಕೆ ರೂಪಾಯಿ ಕಟ್ಟದೆ, ಗಂಟೆಗಳಲ್ಲಿಯೇ ಬರೆದಿಡುವುದು ಹೆಚ್ಚು ಪ್ರಾಮಾಣಿಕ.

ನೀರಿನ ವಿಷಯದಲ್ಲಿ ಪ್ರಯೋಜನ ನಿರೀಕ್ಷೆಗಿಂತ ಕಡಿಮೆ. ಘಟ್ಟದ ಬುಡದ ಹಲವು ಮನೆಗಳಿಗೆ ಮೇಲಿನ ಝರಿಯಿಂದ ಪೈಪು ಹಾಕಿ ನೀರು ತರುವ ಏರ್ಪಾಡು ಮೊದಲೇ ಇತ್ತು, ಪಂಪಿನ ಅಗತ್ಯ ಝರಿ ಬತ್ತುವ ಬೇಸಿಗೆಯಲ್ಲಿ ಮಾತ್ರ. ಹೊಗೆಯ ವಿಷಯದಲ್ಲೂ ಹಾಗೆಯೇ: ಅಡುಗೆ, ಬಚ್ಚಲ ಹಂಡೆಯ ನೀರು ಎರಡೂ ಸೌದೆಯಲ್ಲೇ ನಡೆಯುತ್ತಿರುವುದರಿಂದ ವಿದ್ಯುತ್ತಿನ ಖಾತೆಗೆ ಬರೆಯಬಹುದಾದದ್ದು ಚಿಮಿಣಿ ದೀಪದ ಮಸಿಯಷ್ಟೇ. ಮಕ್ಕಳ ಓದಿನ ಹೊತ್ತು ಹೆಚ್ಚಿದೆ. ಆದರೆ ಅದರಿಂದ ಮುಂದೆ ಬರುವ ಸಂಬಳವನ್ನು ಈಗಲೇ ಲೆಕ್ಕಕ್ಕೆ ತಂದುಕೊಳ್ಳಲು ನಾವು ಹೋಗಲಿಲ್ಲ. ಓದಲು ಬೆಳಕು ಬೇಕೆಂದೇ ಮನೆಯವರು ಬೆಳಕಿಗೆ ಹೆಚ್ಚು ಕೊಡಲು ಸಿದ್ಧರಿರುತ್ತಾರೆ. ಆ ಸಿದ್ಧತೆಯನ್ನು ಬೇಡಿಕೆ ರೇಖೆಯಲ್ಲಿ ಒಮ್ಮೆ ಎಣಿಸಿ, ಓದಿನ ಬಾಬಿನಲ್ಲಿ ಮತ್ತೆ ಎಣಿಸಿದರೆ ಒಂದೇ ಪ್ರಯೋಜನ ಎರಡು ಸಲ ಬರುತ್ತದೆ. ಫಿಲಿಪ್ಪೀನ್ಸ್ ಮಾದರಿಯ ಬಾಬುಗಳನ್ನು ಕಣ್ಣುಮುಚ್ಚಿ ಕೂಡಿಸುವುದರಲ್ಲಿರುವ ಅಪಾಯ ಇದು.

ಯಾವುದಕ್ಕೆ ಹೋಲಿಸಬೇಕು

ಹಿಂದಿನ ಸ್ಥಿತಿ ಯಾವುದು ಎಂಬ ಪ್ರಶ್ನೆಗೂ ಒಂದೇ ಉತ್ತರವಿರಲಿಲ್ಲ. ಬೈಲಿನ ಕೆಲವು ಮನೆಗಳಲ್ಲಿ ತಂತಿ ಬರುವ ಮೊದಲೇ ಸೌರ ದೀಪಗಳಿದ್ದವು. ಈ ಭಾಗದಲ್ಲಿ ಅದು ಆಶ್ಚರ್ಯವಲ್ಲ. ಉಡುಪಿ ಜಿಲ್ಲೆಯ ಮೂಲದವರಾದ ಹರೀಶ್ ಹಂದೆಯವರು ಸ್ಥಾಪಕರಲ್ಲೊಬ್ಬರಾಗಿ 1995ರಲ್ಲಿ ಸೌರ ದೀಪಗಳ ಕಂಪನಿ ಸೆಲ್ಕೋವನ್ನು ಆರಂಭಿಸಿದ ಮೇಲೆ, ಮಣಿಪಾಲದಲ್ಲಿ ಪ್ರಧಾನ ಕಚೇರಿಯಿದ್ದ ಸಿಂಡಿಕೇಟ್ ಬ್ಯಾಂಕ್, ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಇವೆರಡೂ ಸೌರ ದೀಪಗಳಿಗೆ ಸಾಲ ಕೊಡುವ ಪರಿಪಾಠವನ್ನು ಬೆಳೆಸಿದವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕರ್ನಾಟಕದಲ್ಲಿ ಸೌರ ಸಾಲ ಯೋಜನೆ ಆರಂಭಿಸಿದ್ದೂ ಈ ಎರಡು ಬ್ಯಾಂಕುಗಳ ಮೂಲಕವೇ. ಸೌರ ದೀಪವಿದ್ದ ಮನೆಗೆ ತಂತಿ ಬಂದಾಗ ಬೆಳಕಿನ ಪ್ರಯೋಜನವನ್ನು ಚಿಮಿಣಿ ದೀಪಕ್ಕೆ ಹೋಲಿಸಿ ಬರೆದರೆ ಸುಳ್ಳು ಲೆಕ್ಕವಾಗುತ್ತದೆ. ಅಲ್ಲಿ ತಂತಿಯ ಕೊಡುಗೆ ಮಿಕ್ಸಿ, ಟಿ.ವಿ., ಬೇಸಿಗೆಯ ಪಂಪು ಇಷ್ಟಕ್ಕೆ ಸೀಮಿತ.

ಕರೆಂಟು ಇರುವ ಮನೆಯನ್ನು ಇಲ್ಲದ ಮನೆಯೊಂದಿಗೆ ಹೋಲಿಸಿ ಅಂತರವನ್ನೆಲ್ಲ ಕರೆಂಟಿನ ಖಾತೆಗೆ ಬರೆಯುವುದು ಇನ್ನೂ ದೊಡ್ಡ ದೋಷ. ರಸ್ತೆಯ ಪಕ್ಕದ, ತೋಟವಿರುವ, ಅರ್ಜಿ ಹಿಡಿದು ಓಡಾಡಬಲ್ಲ ಮನೆಗೆ ಮೊದಲು ಸಂಪರ್ಕ ಸಿಗುತ್ತದೆ. ಆ ಮನೆಯ ಮಕ್ಕಳು ಹೆಚ್ಚು ಓದಿದ್ದರೆ ಅದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಇದನ್ನು ದಾಟಲು ಅರ್ಥಶಾಸ್ತ್ರಜ್ಞೆ ಟ್ಯಾರಿನ್ ಡಿಂಕಲ್‌ಮನ್ ಅವರು ದಕ್ಷಿಣ ಆಫ್ರಿಕದ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ ನೆಲದ ಇಳಿಜಾರನ್ನು ಬಳಸಿಕೊಂಡರು: ಇಳಿಜಾರು ಹೆಚ್ಚಿದ್ದಲ್ಲಿ ತಂತಿ ಎಳೆಯುವ ವೆಚ್ಚ ಹೆಚ್ಚು, ಹಾಗಾಗಿ ಸಂಪರ್ಕ ತಡವಾಗಿ ಬರುತ್ತದೆ, ಮತ್ತು ಇದಕ್ಕೂ ಮನೆಯವರ ಸಾಮರ್ಥ್ಯಕ್ಕೂ ನೇರ ಸಂಬಂಧವಿಲ್ಲ. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಿದ್ಯುತ್ ಬಂದ ಕಡೆ ಮಹಿಳೆಯರ ಉದ್ಯೋಗದ ಪ್ರಮಾಣ 9ರಿಂದ 9.5 ಶೇಕಡಾಂಶದಷ್ಟು ಏರಿದ್ದು ಕಂಡುಬಂತು, ಮತ್ತು ಸೌದೆ ಬಿಟ್ಟು ವಿದ್ಯುತ್ತಿನಲ್ಲಿ ಅಡುಗೆ ಮಾಡಲು ಶುರುಮಾಡಿದ್ದರಿಂದ ಉಳಿದ ಸಮಯ ಇದಕ್ಕೆ ಒಂದು ಕಾರಣವಾಗಿತ್ತು. ನಮ್ಮ ಬೈಲಿನಲ್ಲಿ ಆ ಕಾರಣವೇ ಇಲ್ಲ. ಸೌದೆ ಒಲೆ ಉಳಿದಿದೆ, ಬೀಡಿಯ ಎಲೆ ಹೆಚ್ಚಾಗಿಲ್ಲ. ಒಂದು ದೇಶದ ಅಂಕಿಯನ್ನು ಇನ್ನೊಂದಕ್ಕೆ ಎತ್ತಿಕೊಂಡು ಬರುವ ಮುನ್ನ, ಅಲ್ಲಿ ಪ್ರಯೋಜನ ಹರಿದ ದಾರಿ ಇಲ್ಲಿ ಇದೆಯೇ ಎಂದು ನೋಡುವುದು ಅಗತ್ಯ.

ಪಶ್ಚಿಮ ಕೀನ್ಯಾದ 150 ಸಮುದಾಯಗಳಲ್ಲಿ ಸಂಪರ್ಕದ ದರವನ್ನು ಚೀಟಿ ಎತ್ತಿದಂತೆ ಹಂಚಿ ನಡೆಸಿದ ಪ್ರಯೋಗ ಇದಕ್ಕಿಂತಲೂ ಕಟುವಾದ ಫಲಿತಾಂಶ ಕೊಟ್ಟಿತು. ದರ ಏರಿದಂತೆ ಸಂಪರ್ಕ ಬೇಕೆನ್ನುವವರು ಥಟ್ಟನೆ ಕಡಿಮೆಯಾದರು, ಜನರಿಗಾದ ಪ್ರಯೋಜನ ತಂತಿ ಎಳೆದ ವೆಚ್ಚಕ್ಕಿಂತ ಬಹಳ ಕೆಳಗೆ ನಿಂತಿತು. 2020ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಮುಂದಿಟ್ಟುಕೊಂಡು ಒಂಟಿ ಮನೆಗಳಿಗೆ ತಂತಿ ಬೇಡ ಎನ್ನುವವರಿದ್ದಾರೆ. ಆದರೆ ಪದೇ ಪದೇ ಕೈಕೊಡುವ ಪೂರೈಕೆ, ಸಾಲದ ಅಭಾವ ಇವೂ ಜನರ ಬೇಡಿಕೆಯನ್ನು ತಗ್ಗಿಸಿರಬಹುದು ಎಂದು ಸಂಶೋಧಕರೇ ಹೇಳಿದ್ದಾರೆ. ಕೈಯಲ್ಲಿ ಹಣವಿಲ್ಲದವರು ಕೊಡಲು ಸಿದ್ಧರಿಲ್ಲ ಎಂಬುದನ್ನು ಅವರಿಗೆ ಬೇಡ ಎಂದು ಓದಬಾರದು. ನಮ್ಮಲ್ಲಿ ಈ ಅಳತೆಗೋಲು ಈಗ ಬೇರೊಂದು ಕಾರಣಕ್ಕೂ ಕೆಲಸ ಮಾಡುವುದಿಲ್ಲ: 2023ರಿಂದ ಗೃಹಜ್ಯೋತಿ ಯೋಜನೆಯಡಿ ಇಂಥ ಮನೆಗಳ ಬಿಲ್ಲು ಸೊನ್ನೆಯಾಗಿರುವುದರಿಂದ, ಆರ್.ಆರ್. ನಂಬರಿನ (ವಿದ್ಯುತ್ ಗ್ರಾಹಕ ಸಂಖ್ಯೆಯ) ಬಿಲ್ಲು ನೋಡಿ ಜನ ವಿದ್ಯುತ್ತಿಗೆ ಎಷ್ಟು ಬೆಲೆ ಕೊಡುತ್ತಾರೆ ಎಂದು ಹೇಳಲು ಸಾಧ್ಯವಿಲ್ಲ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡಿನ ನಡುವಿನ ತಂತಿಯ ಮೇಲೆ ಮರ ಬೀಳುವುದು, ಕೊಂಬೆ ತಾಗುವುದು ನಡೆದೇ ಇರುತ್ತದೆ. ಒಮ್ಮೆ ಹೋದ ಕರೆಂಟು ಬರಲು ದಿನಗಳೇ ಹಿಡಿಯಬಹುದು. ಸುರಿಯುವ ಮಳೆಯಲ್ಲಿ, ಜಾರುವ ಗುಡ್ಡೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳ ಶ್ರಮವನ್ನು ಕಣ್ಣಾರೆ ಕಂಡವರು ಯಾರೂ ಇದನ್ನು ಹಗುರವಾಗಿ ದೂರಲಾರರು. ಅಳತೆಯ ದೃಷ್ಟಿಯಿಂದ ಇಲ್ಲಿರುವ ತೊಡಕು ಬೇರೆ. ವಿದ್ಯುತ್ ವ್ಯತ್ಯಯದ ಸರಾಸರಿ ಫೀಡರ್ (ಹಲವು ಊರುಗಳಿಗೆ ವಿದ್ಯುತ್ ಒಯ್ಯುವ ಮುಖ್ಯ ಮಾರ್ಗ) ಮಟ್ಟದ ದಾಖಲೆಯಿಂದ ಬರುತ್ತದೆ, ಅದರಲ್ಲಿ ಬಾಲದ ತುದಿಯ ಕೆಲವು ಮನೆಗಳ ಕತ್ತಲೆ ಕಾಣುವುದಿಲ್ಲ. ಸಮೀಕ್ಷೆಗಳು ಸಾಮಾನ್ಯವಾಗಿ ದಾರಿ ಒಣಗಿರುವ ಜನವರಿ, ಫೆಬ್ರವರಿಯಲ್ಲಿ ನಡೆಯುತ್ತವೆ, ಆಗ ಕೇಳಿದರೆ ಎಲ್ಲರೂ ಕರೆಂಟು ಚೆನ್ನಾಗಿದೆ ಎನ್ನುತ್ತಾರೆ. ಮಳೆಗಾಲದಲ್ಲಿ ಕೇಳಿದಾಗ ಉತ್ತರ ಬೇರೆ. ಪಡಿತರದಲ್ಲಿ ಚಿಮಿಣಿ ಎಣ್ಣೆ ಹಿಂದಿನಂತೆ ಸಿಗದೆ ಇರುವುದರಿಂದ ಕರೆಂಟು ಹೋದ ಸಂಜೆ ಕೆಲವು ಮನೆಗಳು ಮೊದಲಿಗಿಂತಲೂ ಹೆಚ್ಚು ಕತ್ತಲಲ್ಲಿರುತ್ತವೆ. ಮೇಣದಬತ್ತಿ, ಚಾರ್ಜ್ ಉಳಿದಿದ್ದರೆ ಮೊಬೈಲಿನ ಟಾರ್ಚು, ಅಷ್ಟೇ. ಸೌರ ದೀಪದ ಬ್ಯಾಟರಿಯನ್ನು ಬಿಸಾಡದೆ ಇಟ್ಟುಕೊಂಡ ಮನೆಗಳು ಈ ವಿಷಯದಲ್ಲಿ ಎಷ್ಟೋ ಮೇಲು.

ಇದಕ್ಕೆ ನಾವು ಕಂಡುಕೊಂಡ ಸಾಧನ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ಹಾಲು ಹಾಕಿದ್ದು, ಬ್ರಾಂಚಿಗೆ ಹೋದದ್ದು ಎಲ್ಲವನ್ನೂ ಗುರುತು ಹಾಕುವ ಆ ಚೌಕಗಳಲ್ಲೇ, ಸಂಜೆ ಏಳರಿಂದ ಹತ್ತರವರೆಗೆ ಕರೆಂಟು ಇಲ್ಲದಿದ್ದ ದಿನ ಒಂದು ಗೀಟು ಹಾಕಲು ಮನೆಯವರನ್ನು ಕೇಳಿಕೊಂಡೆವು. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಈ ಕೆಲಸ ತಪ್ಪದೆ ನಡೆಯಿತು. ತಿಂಗಳ ಪ್ರಯೋಜನದ ಯಾವ ಅಂಕಿಯನ್ನೇ ಆಗಲಿ ಈ ಗೀಟುಗಳ ಲೆಕ್ಕದಿಂದ ತಗ್ಗಿಸಿಯೇ ಬರೆಯಬೇಕೆಂದು ತೀರ್ಮಾನಿಸಲಾಯಿತು. ವರ್ಷದ ಹನ್ನೆರಡು ತಿಂಗಳನ್ನು ಒಂದೇ ಎಂದು ಗುಣಿಸುವುದು ಈ ನಾಡಿನ ಮಟ್ಟಿಗೆ ಸಲ್ಲದು.

ಗುಡ್ಡೆಯ ಎರಡು ಮನೆಗಳು

ಈಗ ಮೊದಲ ಪ್ರಶ್ನೆಗೆ ಬರಬಹುದು. ದೂರದ ಮನೆಗಳಿಗಾಗಿ ಸೌಭಾಗ್ಯ ಯೋಜನೆಯಲ್ಲೇ 200ರಿಂದ 300 ವಾಟ್‌ನ ಸೌರ ಫಲಕ, ಐದು ಎಲ್‌ಇಡಿ ದೀಪ, ಒಂದು ಫ್ಯಾನ್, ಒಂದು ಪ್ಲಗ್ ಇರುವ ವ್ಯವಸ್ಥೆಯನ್ನು ಐದು ವರ್ಷಗಳ ದುರಸ್ತಿಯ ಹೊಣೆಯೊಂದಿಗೆ ಕೊಡುವ ಅವಕಾಶವಿತ್ತು. ಅಷ್ಟು ಸಿಕ್ಕರೆ ಬೆಳಕಿನ ಪ್ರಯೋಜನದ ಬಹುಪಾಲು, ಮೊಬೈಲ್ ಚಾರ್ಜು, ರಾತ್ರಿ ಎಲೆ ಕತ್ತರಿಸುವ ಅನುಕೂಲ, ದನದ ಹಟ್ಟಿಗೂ ಬಚ್ಚಲಿಗೂ ಹೋಗುವಾಗ ಅಂಗಳದಲ್ಲಿ ಹಾವಿನ ಭಯವಿಲ್ಲದೆ ನಡೆಯುವ ನಿಶ್ಚಿಂತೆ ಎಲ್ಲವೂ ಸಿಗುತ್ತವೆ. ಹಾವಿನ ಭಯಕ್ಕೆ ನಾವು ಬೆಲೆ ಕಟ್ಟಲಿಲ್ಲ. ಪ್ರತಿ ಮನೆಯೂ ಅದನ್ನು ಹೇಳಿತು ಎಂದು ಬರೆದೆವು. ಸೌರ ವ್ಯವಸ್ಥೆಯಿಂದ ಸಿಗದೆ ಉಳಿಯುವುದು ಮಿಕ್ಸಿ ಮತ್ತು ಬೇಸಿಗೆಯ ಪಂಪು. ಮಳೆಗಾಲದಲ್ಲಿ ತಂತಿಯೂ ಕಡಿಯುತ್ತದೆ, ಮೋಡ ಕವಿದ ವಾರಗಳಲ್ಲಿ ಬ್ಯಾಟರಿಯೂ ತುಂಬುವುದಿಲ್ಲ, ಆದ್ದರಿಂದ ಆ ತಿಂಗಳುಗಳಲ್ಲಿ ಒಂದರ ಮೇಲೊಂದು ಹೆಚ್ಚೆಂದು ಹೇಳುವಂತಿಲ್ಲ.

ಹೀಗೆ ನೋಡಿದಾಗ, ಗುಡ್ಡೆಗೆ ತಂತಿ ಎಳೆಯುವುದರ ಪ್ರಯೋಜನವೆಂದು ಬರೆಯಬೇಕಾದದ್ದು ಕತ್ತಲೆಯಿಂದ ಬೆಳಕಿಗೆ ಬಂದ ಒಟ್ಟು ಪ್ರಯೋಜನವಲ್ಲ, ಸೌರ ದೀಪದಿಂದ ತಂತಿಗೆ ಹೋಗುವಾಗ ಸೇರುವ ಹೆಚ್ಚಿನ ಭಾಗ ಮಾತ್ರ. ಅದು ಬಹುಮಟ್ಟಿಗೆ ಹೆಂಗಸರ ದುಡಿಮೆಯ ಗಂಟೆಗಳಲ್ಲಿದೆ. ಈ ಮಾತು ಆ ಮನೆಗಳಿಗೆ ತಂತಿ ಬೇಡವೆಂಬ ವಾದವಲ್ಲ. ಕಾಡಿನ ಅನುಮತಿ ಸಿಗುವವರೆಗೆ ಕಾಯುತ್ತಾ ಕತ್ತಲಲ್ಲಿ ಕೂರಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ, ಹಾಗೆಯೇ ಸೌರ ದೀಪ ಕೊಟ್ಟಾಯಿತೆಂದು ಅವರ ಅರ್ಜಿಯನ್ನು ಮುಚ್ಚುವುದಕ್ಕೂ ಸಮರ್ಥನೆಯಿಲ್ಲ ಎಂಬುದು ಇದರ ತಾತ್ಪರ್ಯ.

ಪಂಚಾಯತ್‌ಗೆ ಸಲ್ಲಿಸಿದ ಟಿಪ್ಪಣಿಯಲ್ಲಿ ಬೆಳಕಿನ ಪ್ರಯೋಜನವನ್ನು ಎರಡೂ ಗೆರೆಗಳ ಅಂಕಿಯೊಂದಿಗೆ, ಸಮಯದ ಪ್ರಯೋಜನವನ್ನು ಯಾರ ಗಂಟೆ ಎಂದು ಸೂಚಿಸಿ ಗಂಟೆಗಳಲ್ಲಿ, ಮಳೆಗಾಲದ ಕಡಿತವನ್ನು ಕ್ಯಾಲೆಂಡರಿನ ಗೀಟುಗಳ ಆಧಾರದಲ್ಲಿ ಬರೆಯಲಾಯಿತು. ಒಟ್ಟು ಮೊತ್ತದ ಸಾಲನ್ನು ಬಿಟ್ಟೆವು. ಗುಡ್ಡೆಯ ಎರಡು ಮನೆಗಳಿಗೆ ಮಿಕ್ಸಿ ಓಡಿಸಬಲ್ಲಷ್ಟು ಇನ್ವರ್ಟರ್ ಇರುವ ಸೌರ ವ್ಯವಸ್ಥೆಯನ್ನು ಕೂಡಲೇ ಒದಗಿಸಬೇಕು, ಅದನ್ನು ಹಾಕಿಸುವ ಮೊದಲು ಆ ಮನೆಗಳ ಹೆಂಗಸರ ಒಂದು ದಿನದ ಹೊತ್ತಿನ ಲೆಕ್ಕವನ್ನು ಬೇಸಿಗೆಯಲ್ಲೊಮ್ಮೆ, ಮಳೆಯಲ್ಲೊಮ್ಮೆ ಬರೆದಿಡಬೇಕು, ತಂತಿಯ ಅರ್ಜಿಯನ್ನು ಬಾಕಿ ಎಂದೇ ದಾಖಲೆಯಲ್ಲಿ ಉಳಿಸಬೇಕು ಎಂದು ಟಿಪ್ಪಣಿಯಲ್ಲಿ ಕೇಳಿಕೊಳ್ಳಲಾಗಿದೆ.